ಹುರಿದ ಡ್ಯಾಂಡೆಲಿಯನ್ ಬೇರಿನ ಚಹಾ: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ಯಾಂಡೆಲಿಯನ್ ಬೇರು ಕಿತ್ತು, ತೊಳೆದು, ಒಣಗಿಸಿ, ಹುರಿದು ಮನೆಯಲ್ಲೇ ಚಹಾ ಮಾಡಿಕೊಳ್ಳಲು ಹೊರಟವರಿಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹಲವು ವರ್ಷಗಳಿಂದ ನಾನಿದನ್ನು ಮಾಡಿಕೊಂಡು ಕುಡಿಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಣಗಿಸುವುದು ಒಂದು ಕೆಲಸ, ಹುರಿಯುವುದು ಇನ್ನೊಂದು ಕೆಲಸ. ಎರಡನ್ನೂ ಒಟ್ಟಿಗೆ ಮುಗಿಸಲು ಹೋದರೆ ಚಹಾ ಕೆಡುತ್ತದೆ. ಆ ಎರಡು ಉತ್ತರಗಳು ಉದ್ದವಾಗಿವೆ, ದಯವಿಟ್ಟು ಪೂರ್ತಿ ಓದಿ.

ಡ್ಯಾಂಡೆಲಿಯನ್ ಅಂದರೆ ಯಾವ ಗಿಡ?

ತಂಪು ಹವೆ ಇರುವ ಕಡೆ ಹುಲ್ಲಿನ ನಡುವೆ, ದಾರಿಯ ಬದಿಯಲ್ಲಿ, ತೋಟದ ಮಡಿಗಳಲ್ಲಿ ತಾನಾಗಿ ಹುಟ್ಟುವ ಗಿಡ ಇದು. ನೆಲಕ್ಕೆ ಅಂಟಿದ ಹಾಗೆ ಸುತ್ತಲೂ ಹರಡಿದ ಎಲೆಗಳು, ನಡುವೆ ಒಂದು ದಂಟು, ಅದರ ತುದಿಗೆ ಹಳದಿ ಹೂವು. ಕೆಲವೇ ದಿನಕ್ಕೆ ಆ ಹೂವು ಬಿಳಿ ನೂಲಿನ ಚೆಂಡಾಗುತ್ತದೆ. ಮಕ್ಕಳು ಉಫ್ ಅಂತ ಊದಿ ಹಾರಿಸುತ್ತಾರಲ್ಲ, ಅದೇ. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವು ಎಲ್ಲ ಸೇರುವ ಕುಟುಂಬಕ್ಕೇ ಇದೂ ಸೇರಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ಯಾರಾಕ್ಸಕಮ್ ಅಫಿಸಿನೇಲ್. ಎಲೆಯ ಅಂಚು ಹಲ್ಲುಹಲ್ಲಾಗಿರುತ್ತದೆ. ಅದನ್ನು ನೋಡಿ ಫ್ರೆಂಚರು ‘ಸಿಂಹದ ಹಲ್ಲು’ ಎಂದು ಕರೆದರು. ಆ ಮಾತೇ ತಿರುಗಿ ಡ್ಯಾಂಡೆಲಿಯನ್ ಆಯಿತು.

ನಮಗೆ ಬೇಕಾದ್ದು ಮಣ್ಣಿನೊಳಗಿದೆ. ಕ್ಯಾರೆಟ್‌ನ ಹಾಗೆ ನೇರ ಕೆಳಗಿಳಿಯುವ ತಾಯಿಬೇರು. ಹೊರಗೆ ಕಂದು ಸಿಪ್ಪೆ, ಒಳಗೆ ಬಿಳಿ ತಿರುಳು. ಮುರಿದರೆ ಹಾಲಿನಂಥ ಸೊನೆ ಒಸರುತ್ತದೆ. ಒಂದು ಗೇಣುದ್ದದ ಬೇರು ಸಾಮಾನ್ಯ. ಸಡಿಲ ಮಣ್ಣಿನಲ್ಲಿ ಇನ್ನೂ ಆಳಕ್ಕೆ ಹೋಗಿರುತ್ತದೆ.

ಇದನ್ನು ಕೆಲವರು ಚಹಾ ಅಂತಾರೆ, ಕೆಲವರು ಕಾಫಿ ಅಂತಾರೆ. ಯಾವುದು ಸರಿ?

ಚಹಾದ ಎಲೆಯೂ ಇಲ್ಲ, ಕಾಫಿ ಬೀಜವೂ ಇಲ್ಲ. ನಿಜವಾಗಿ ಹೇಳಬೇಕೆಂದರೆ ಇದು ಹುರಿದ ಬೇರಿನ ಕಷಾಯ. ತುಂಡುಗಳನ್ನು ಕುದಿಸಿ ತಿಳಿಯಾಗಿ ಸೋಸಿದರೆ ಚಹಾದ ಹಾಗೆ ಕಾಣುತ್ತದೆ. ಕಪ್ಪಗೆ ಹುರಿದು ಪುಡಿ ಮಾಡಿ ಹಾಲು ಬೆರೆಸಿದರೆ ಕಾಫಿಯ ಹಾಗೆ. ಎರಡರಲ್ಲೂ ಕೆಫೀನ್ ಇಲ್ಲ. ರಾತ್ರಿ ಕುಡಿದರೂ ನಿದ್ದೆ ಕೆಡುವುದಿಲ್ಲ. ಆದರೆ ಮಲಗುವ ಹೊತ್ತಿಗೆ ದೊಡ್ಡ ಲೋಟ ಕುಡಿದರೆ ಮೂತ್ರಕ್ಕೆ ಏಳಬೇಕಾಗಬಹುದು.

ರುಚಿ ನಿಜವಾಗಿಯೂ ಕಾಫಿಯಂತೆ ಇರುತ್ತದಾ?

ಬಣ್ಣ ಹಾಗೇ ಇರುತ್ತದೆ, ಘಮವೂ ಹತ್ತಿರ ಬರುತ್ತದೆ. ಬಾಯಿಗೆ ಮಾತ್ರ ಬೇರೆ. ಮೊದಲು ಸುಟ್ಟ ಸಕ್ಕರೆಯಂಥ ಸಣ್ಣ ಸಿಹಿ, ಆಮೇಲೆ ಮಣ್ಣಿನ ವಾಸನೆಯ ಜೊತೆಗೆ ಹುರಿದ ಕಾಳಿನ ರುಚಿ, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವ ಕಹಿ. ಕಾಫಿಯ ಹುಳಿ ಇದರಲ್ಲಿ ಇಲ್ಲ. ಕಾಫಿ ಬಿಡಬೇಕೆಂದು ಇದಕ್ಕೆ ಬಂದವರು ಮೊದಲ ಗುಟುಕಿಗೆ ಬೇಸರ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಕಾಫಿಯ ಜೊತೆ ಹೋಲಿಸದೆ, ಇದು ಬೇರೆಯೇ ಒಂದು ಪಾನೀಯ ಅಂದುಕೊಂಡು ಒಂದು ವಾರ ಕುಡಿದು ನೋಡಿ. ನಾಲಿಗೆ ಹೊಂದಿಕೊಳ್ಳುತ್ತದೆ.

ಇದು ಈಗಿನ ಕಾಲದ ಹೊಸ ಹುಚ್ಚಾ?

ಅಲ್ಲ. ಕೆನಡಾದ ಕಾಡಿನಲ್ಲಿ ನೆಲೆಸಿದ್ದ ಸುಸಾನಾ ಮೂಡಿ ಎಂಬ ಲೇಖಕಿ 1852ರಲ್ಲಿ ಪ್ರಕಟವಾದ ತಮ್ಮ ಅನುಭವಗಳ ಪುಸ್ತಕದಲ್ಲಿ ಇದನ್ನು ಮಾಡಿದ ಬಗೆಯನ್ನು ವಿವರವಾಗಿ ಬರೆದಿದ್ದಾರೆ. ಬೇರನ್ನು ಚೆನ್ನಾಗಿ ತೊಳೆದರೂ ಕಂದು ಸಿಪ್ಪೆಯನ್ನು ತೆಗೆಯದೆ ಉಳಿಸಿಕೊಂಡರು. ಸಣ್ಣಗೆ ಹೆಚ್ಚಿ ಒಲೆಯ ಓವನ್‌ನಲ್ಲಿ ಗರಿಗರಿಯಾಗುವವರೆಗೆ ಹುರಿದರು. ಬೀಸಿ, ಕುದಿಸಿ ಕುಡಿದು, ಅಂಗಡಿಯ ಕಾಫಿಗಿಂತ ಚೆನ್ನಾಗಿದೆ ಎಂದು ಮೆಚ್ಚಿದರು. ಆಲೂಗಡ್ಡೆ ಅಗೆಯುವ ಕಾಲವೇ ಈ ಬೇರು ಕೂಡಿಡಲು ಒಳ್ಳೆಯದು ಎಂದೂ ಹೇಳಿದ್ದಾರೆ. ಹುರಿಯುವ ಮುಂಚೆ ಒಣಗಿಸುವುದೊಂದನ್ನು ಸೇರಿಸಿಕೊಂಡರೆ, ಇವತ್ತಿಗೂ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಸಿಕ್ಕಿಲ್ಲ. ಮುಂದೆ, ಎರಡನೇ ಮಹಾಯುದ್ಧದಲ್ಲಿ ಕಾಫಿಗೆ ಬರ ಬಂದಾಗ ಯುರೋಪಿನ ಮನೆಗಳಲ್ಲಿ ಡ್ಯಾಂಡೆಲಿಯನ್, ಚಿಕೋರಿ, ಬಾರ್ಲಿ ಎಲ್ಲವನ್ನೂ ಹುರಿದು ಕುಡಿದರು. ಚಿಕೋರಿ ಇದಕ್ಕೆ ಹತ್ತಿರದ ಸಂಬಂಧಿ.

ಬೇರೆ ಗಿಡವನ್ನು ಡ್ಯಾಂಡೆಲಿಯನ್ ಅಂದುಕೊಂಡು ಕಿತ್ತುಬಿಟ್ಟರೆ?

ಈ ಭಯ ಇರುವುದು ಒಳ್ಳೆಯದೇ. ಹಳದಿ ಹೂವು ನೋಡಿ ಮಾತ್ರ ಯಾವತ್ತೂ ಕೀಳಬೇಡಿ. ದಂಟನ್ನು ನೋಡಿ. ಡ್ಯಾಂಡೆಲಿಯನ್‌ನಲ್ಲಿ ಒಂದು ದಂಟಿಗೆ ಒಂದೇ ಹೂವು. ದಂಟಿಗೆ ಕವಲು ಇಲ್ಲ, ಎಲೆಯೂ ಇಲ್ಲ. ಅಡ್ಡಕ್ಕೆ ಮುರಿದರೆ ಒಳಗೆ ಕೊಳವೆಯ ಹಾಗೆ ಪೊಳ್ಳು, ಅಂಚಿನಲ್ಲಿ ಬಿಳಿ ಸೊನೆ. ಎಲೆಗಳೆಲ್ಲ ಬುಡದಿಂದಲೇ ಹೊರಟಿರುತ್ತವೆ, ಮುಟ್ಟಿದರೆ ಹೆಚ್ಚುಕಮ್ಮಿ ನುಣುಪು.

ಜಾಸ್ತಿ ಮೋಸ ಹೋಗುವುದು ಕ್ಯಾಟ್ಸ್ ಇಯರ್ ಎಂಬ ಗಿಡಕ್ಕೆ. ಅದರ ಎಲೆ ಒರಟು, ಮೈತುಂಬ ಸಣ್ಣ ರೋಮ. ದಂಟು ಗಟ್ಟಿ, ಕವಲೊಡೆದು ಎರಡು ಮೂರು ಹೂ ಬಿಡುತ್ತದೆ. ಸೋ ಥಿಸಲ್ ಎಂಬುದು ಎತ್ತರಕ್ಕೆ ಬೆಳೆಯುವ ಗಿಡ, ಅದರ ದಂಟಿನ ಮೇಲೇ ಎಲೆಗಳಿರುತ್ತವೆ. ಸೊನೆ ಇವುಗಳಲ್ಲೂ ಬರುತ್ತದೆ, ಆದ್ದರಿಂದ ಸೊನೆಯೊಂದನ್ನೇ ಗುರುತಾಗಿ ಹಿಡಿಯಬೇಡಿ.

ಬೇರು ಕೀಳುವ ಕಾಲದಲ್ಲಿ ಹೂವು ಇರುವುದಿಲ್ಲ. ಹಾಗಾಗಿ ಹೂ ಬಿಟ್ಟಾಗಲೇ ಗಿಡವನ್ನು ಗುರುತಿಸಿ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಬಿಡಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಅನುಮಾನ ಬಂದ ಗಿಡವನ್ನು ಬಿಟ್ಟುಬಿಡಿ.

ಯಾವ ಕಾಲದಲ್ಲಿ ಕೀಳಬೇಕು?

ಚಳಿಗಾಲ ಕಾಲಿಡುವ ಮುಂಚೆ, ಎಲೆ ಬಾಡಲು ಶುರುವಾದಾಗ. ಬೇಸಿಗೆಯಿಡೀ ಎಲೆ ತಯಾರಿಸಿದ ಸಕ್ಕರೆಯನ್ನು ಗಿಡ ಚಳಿಗಾಲಕ್ಕೆಂದು ಬೇರಿನಲ್ಲಿ ಕೂಡಿಡುತ್ತದೆ. ಕೂಡಿಡುವುದು ಇನ್ಯುಲಿನ್ ಎಂಬ ನಾರಿನ ರೂಪದಲ್ಲಿ. ಒಣಬೇರಿನ ತೂಕದಲ್ಲಿ ಈ ಇನ್ಯುಲಿನ್ ವಸಂತಕಾಲದಲ್ಲಿ ಸುಮಾರು 2 ಪ್ರತಿಶತ ಇದ್ದರೆ, ಚಳಿಗಾಲಕ್ಕೆ ಮುಂಚೆ 40 ಪ್ರತಿಶತದವರೆಗೂ ಏರುತ್ತದೆ. ವಸಂತದಲ್ಲಿ ಗಿಡ ಅದನ್ನೆಲ್ಲ ಹೊಸ ಎಲೆಗೆ, ಹೂವಿಗೆ ಖರ್ಚು ಮಾಡಿಬಿಟ್ಟಿರುತ್ತದೆ.

ಚಹಾಕ್ಕೆ ಇದರಿಂದ ಏನು ಅಂದರೆ, ಹುರಿಯುವಾಗ ಈ ಇನ್ಯುಲಿನ್ ಒಡೆದು ಹಣ್ಣಿನ ಸಕ್ಕರೆಯಾಗುತ್ತದೆ, ಆ ಸಕ್ಕರೆ ಕಂದಾಗುತ್ತದೆ. ಬಣ್ಣ, ಘಮ, ಸಿಹಿ ಮೂರೂ ಬರುವುದು ಅದರಿಂದಲೇ. ವಸಂತದ ಬೇರಿನಿಂದಲೂ ಚಹಾ ಆಗುತ್ತದೆ, ಆದರೆ ಕಹಿ ಮುಂದೆ ನಿಲ್ಲುತ್ತದೆ.

ಎಲ್ಲಿ ಕೀಳಬಾರದು?

ಕಳೆನಾಶಕ ಹೊಡೆದ ಹುಲ್ಲುಹಾಸು, ವಾಹನ ಓಡಾಡುವ ರಸ್ತೆಯ ಅಂಚು, ಹಳೆಯ ಕಾರ್ಖಾನೆಯ ಜಾಗ, ನಾಯಿಗಳು ತಿರುಗಾಡುವ ಕಡೆ ಬೇಡ. ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಬೇರು ಹೀರಿಕೊಳ್ಳಬಲ್ಲದು, ತೊಳೆದರೆ ಅವು ಹೋಗುವುದಿಲ್ಲ. ಬೇರೆಯವರ ಜಾಗವಾದರೆ ಕೇಳಿ ಕೀಳಿ.

ಬೇರು ಅರ್ಧಕ್ಕೇ ಮುರಿಯುತ್ತದೆ. ಏನು ಮಾಡಲಿ?

ಎಲೆ ಹಿಡಿದು ಎಳೆದರೆ ಮುರಿಯದೆ ಇನ್ನೇನು! ಮಳೆ ಬಂದ ಮಾರನೇ ದಿನ ಮಣ್ಣು ಮೆದುವಾಗಿದ್ದಾಗ ಹೋಗಿ. ಗಿಡದಿಂದ ಒಂದು ಅಂಗೈ ದೂರದಲ್ಲಿ ಹಲ್ಲಿನ ಗುದ್ದಲಿಯನ್ನೋ ಉದ್ದ ಮೊನೆಯ ಸಲಾಕೆಯನ್ನೋ ನೇರವಾಗಿ ಇಳಿಸಿ, ಹಿಂದಕ್ಕೆ ವಾಲಿಸಿ. ಸುತ್ತಲಿನ ಮಣ್ಣು ಸಮೇತ ಎದ್ದ ಮೇಲೆ ಬುಡ ಹಿಡಿದು ಅಲ್ಲಾಡಿಸುತ್ತಾ ಮೇಲಕ್ಕೆ ತನ್ನಿ. ತುದಿ ಒಳಗೇ ಉಳಿದರೆ ಬೇಸರ ಬೇಡ. ಆ ತುಂಡಿನಿಂದ ಮತ್ತೆ ಗಿಡ ಚಿಗುರುತ್ತದೆ.

ಎರಡು ವರ್ಷ ದಾಟಿದ ಗಿಡದ ಬೇರು ದಪ್ಪಗಿರುತ್ತದೆ. ಪೆನ್ಸಿಲ್‌ಗಿಂತ ಸಣ್ಣ ಬೇರನ್ನು ಮಣ್ಣಿಗೇ ಬಿಡಿ. ತೊಳೆಯುವ ಶ್ರಮಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಸಿಪ್ಪೆ ಸುಲಿಯಬೇಕಾ?

ಬೇಡ. ಬಕೆಟ್ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಕೈಯಲ್ಲಿ ಕಲಕಿ, ಮಣ್ಣಿನ ನೀರು ಚೆಲ್ಲಿ. ನೀರು ತಿಳಿಯಾಗುವವರೆಗೆ ಮೂರು ನಾಲ್ಕು ಸಲ ಹೀಗೆ ಮಾಡಿ. ಕೊನೆಗೆ ಗಟ್ಟಿ ಬ್ರಷ್‌ನಿಂದ ಒಂದೊಂದೇ ಬೇರನ್ನು ತಿಕ್ಕಿ. ಎಲೆ ಹೊರಡುವ ಬುಡದ ಸಂದುಗಳಲ್ಲಿ ಮಣ್ಣು ಅಡಗಿರುತ್ತದೆ, ಅಲ್ಲಿ ಅರ್ಧ ಅಂಗುಲ ಕತ್ತರಿಸಿ ಎಸೆಯುವುದೇ ಲೇಸು. ಒಂದು ಚಿಟಿಕೆ ಮಣ್ಣು ಉಳಿದರೂ ಲೋಟದ ತಳದಲ್ಲಿ ಕರಕರ ಅನ್ನುತ್ತದೆ.

ತುಂಬಾ ಹೊತ್ತು ನೆನೆಯಲು ಬಿಡಬೇಡಿ. ಇನ್ಯುಲಿನ್ ನೀರಿನಲ್ಲಿ ಕರಗುತ್ತದೆ. ಹೆಚ್ಚುವ ಮುಂಚೆಯೇ ತೊಳೆದು ಮುಗಿಸಿ, ಹೆಚ್ಚಿದ ಮೇಲೆ ತೊಳೆಯಬೇಡಿ. ಸೊನೆ ತಾಗಿದರೆ ಬೆರಳು ಕಂದಾಗಿ ಅಂಟಂಟಾಗುತ್ತದೆ, ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ಈ ಸೊನೆಯಲ್ಲಿ ರಬ್ಬರ್ ಅಂಶ ಇದೆ. ಇದೇ ಕುಲದ ಇನ್ನೊಂದು ಗಿಡವನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟದಲ್ಲಿ ರಬ್ಬರಿಗಾಗಿಯೇ ಬೆಳೆದಿದ್ದರು.

ಎಷ್ಟು ದಪ್ಪಕ್ಕೆ ಹೆಚ್ಚಬೇಕು?

ಅರ್ಧ ಸೆಂಟಿಮೀಟರ್ ಸಾಕು. ದಪ್ಪ ಎಷ್ಟು ಅನ್ನುವುದಕ್ಕಿಂತ ಎಲ್ಲವೂ ಒಂದೇ ಸಮ ಇರುವುದು ಮುಖ್ಯ. ದಪ್ಪ ಬೇರನ್ನು ಮೊದಲು ಉದ್ದಕ್ಕೆ ಸೀಳಿ, ಆಮೇಲೆ ಅಡ್ಡ ಹೆಚ್ಚಿ. ಮಿಕ್ಸಿಗೆ ಹಾಕಿ ಒಂದೆರಡು ಸುತ್ತು ತಿರುಗಿಸಿದರೆ ಬೇಗ ಆಗುತ್ತದೆ ನಿಜ. ಆದರೆ ಪುಡಿ, ತುಂಡು ಎರಡೂ ಸೇರಿಕೊಳ್ಳುತ್ತವೆ. ಹುರಿಯುವಾಗ ಪುಡಿ ಸೀದು ಹೋಗುತ್ತದೆ, ತುಂಡು ಹಸಿಯಾಗೇ ಉಳಿಯುತ್ತದೆ. ಚಾಕು ಹಿಡಿದು ಕೂತು ಹೆಚ್ಚುವುದೇ ವಾಸಿ.

ಒಣಗಿಸದೆ ನೇರವಾಗಿ ಹುರಿದರೆ ಆಗಲ್ವಾ?

ಹೆಚ್ಚು ಜನ ಎಡವುವುದು ಇಲ್ಲೇ. ಹಸಿ ಬೇರಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಅದನ್ನು ನೇರವಾಗಿ ಜೋರು ಬಿಸಿಗೆ ಒಡ್ಡಿದರೆ ಮೊದಲ ಅರ್ಧ ಗಂಟೆ ಬೇರು ತನ್ನದೇ ಹಬೆಯಲ್ಲಿ ಬೇಯುತ್ತದೆ, ಹುರಿಯುವುದಿಲ್ಲ. ಆಮೇಲೆ ಹೊರಮೈ ಒಣಗಿ ಕಪ್ಪಾಗುತ್ತದೆ, ನಡುವೆ ಇನ್ನೂ ತೇವ ಇರುತ್ತದೆ. ನೋಡಲು ಚೆನ್ನಾಗಿ ಹುರಿದ ಹಾಗೇ ಕಾಣುತ್ತದೆ. ನಾನು ಮೊದಲ ವರ್ಷ ಹೀಗೇ ಮಾಡಿ ಒಂದು ಭರಣಿ ತುಂಬಿಸಿಟ್ಟಿದ್ದೆ. ಮೂರು ವಾರ ಕಳೆದು ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ಗಾಜಿನ ಒಳಮೈಗೆ ಬೂದು ಬಣ್ಣದ ಬೂಷ್ಟು. ಎರಡು ದಿನ ಅಗೆದು ತಂದಿದ್ದ ಬೇರು ಅದು. ಪೂರ್ತಿ ಎಸೆಯಬೇಕಾಯಿತು.

ಬಿಸಿಲು ಚುರುಕಾಗಿದ್ದು ಗಾಳಿ ಒಣಗಿದ್ದರೆ ತಟ್ಟೆಯಲ್ಲಿ ಒಂದೇ ಪದರ ಹರಡಿ, ಮೇಲೆ ತೆಳು ಬಟ್ಟೆ ಹೊದಿಸಿ, ಮೂರ್ನಾಲ್ಕು ದಿನ ಇಡಿ. ಸಂಜೆ ಇಬ್ಬನಿಗೆ ಮುಂಚೆ ಒಳಗೆ ತನ್ನಿ. ಆಹಾರ ಒಣಗಿಸುವ ಯಂತ್ರ ಇದ್ದರೆ 45ರಿಂದ 50 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಓವನ್ ಆದರೆ ಅದರ ಅತಿ ಕಡಿಮೆ ಬಿಸಿಯಲ್ಲಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಎರಡು ಮೂರು ಗಂಟೆ. ಬಾಗಿಲು ಪೂರ್ತಿ ಮುಚ್ಚಿದರೆ ಹಬೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮಕ್ಕಳು ಓಡಾಡುವ ಮನೆಯಾದರೆ ತೆರೆದ ಓವನ್ ಬೇಡ, ಬೇರೆ ದಾರಿ ನೋಡಿ.

ಒಣಗಿದ್ದು ಗೊತ್ತಾಗುವುದು ಹೇಗೆ? ಅತಿ ದಪ್ಪ ತುಂಡೊಂದನ್ನು ಆರಿಸಿ, ಆರಲು ಬಿಟ್ಟು, ಬೆರಳಲ್ಲಿ ಬಗ್ಗಿಸಿ. ಲಟಕ್ಕನೆ ಮುರಿಯಬೇಕು. ಬಳ್ಳಿಯ ಹಾಗೆ ಬಾಗಿದರೆ ಇನ್ನೂ ಒಣಗಿಲ್ಲ. ಬಿಸಿ ಇರುವಾಗ ಪರೀಕ್ಷೆ ಮಾಡಬೇಡಿ, ಬಿಸಿ ತುಂಡು ಒಣಗಿದ್ದರೂ ಬಾಗುತ್ತದೆ.

ಓವನ್‌ನಲ್ಲಿ ಹುರಿಯುವುದು ಹೇಗೆ?

ಓವನ್ 160 ಡಿಗ್ರಿಗೆ ಕಾಯಲಿ. ಒಣಗಿದ ತುಂಡುಗಳನ್ನು ಟ್ರೇ ಮೇಲೆ ಒಂದೇ ಪದರ ಹರಡಿ ಒಳಗಿಡಿ. ಎಣ್ಣೆ ಬೇಡ. ಒಟ್ಟು 25ರಿಂದ 40 ನಿಮಿಷ ಹಿಡಿಯುತ್ತದೆ. ಆದರೆ ಗಡಿಯಾರ ನಂಬಿ ಕೂರಬೇಡಿ, ಮೂಗಿಗೆ ಬುದ್ಧಿ ಕೊಡಿ.

ಮೊದಲ ಹತ್ತು ನಿಮಿಷ ಹಸಿ ಬೇರಿನ, ಒದ್ದೆ ಮಣ್ಣಿನ ವಾಸನೆ. ಇಷ್ಟೇನಾ ಅನ್ನಿಸುತ್ತದೆ. ಟ್ರೇ ತೆಗೆದು ತುಂಡುಗಳನ್ನು ಮಗುಚಿ. ಬಿಳಿ ತಿರುಳು ಈಗ ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ಇನ್ನು ಹತ್ತು ನಿಮಿಷಕ್ಕೆ ವಾಸನೆ ಬದಲಾಗುತ್ತದೆ. ಹುರಿದ ಕಡಲೆಬೀಜದ ಹಾಗೆ, ಬ್ರೆಡ್ ಸುಡುತ್ತಿರುವ ಹಾಗೆ. ತುಂಡುಗಳು ಜೇನಿನ ಬಣ್ಣ. ಇಲ್ಲಿಗೆ ನಿಲ್ಲಿಸಿದರೆ ತಿಳಿಯಾದ, ಮೆದು ರುಚಿಯ ಚಹಾ ಸಿಗುತ್ತದೆ. ಇಲ್ಲಿಂದ ಮುಂದೆ ಓವನ್ ಬಿಟ್ಟು ಕದಲಬೇಡಿ. ಐದು ನಿಮಿಷಕ್ಕೊಮ್ಮೆ ಮಗುಚಿ. ಆಮೇಲೆ ಒಂದು ಗಳಿಗೆ ಬರುತ್ತದೆ, ಸಕ್ಕರೆ ಪಾಕ ಕಂದಾಗುವಾಗ ಬರುತ್ತದಲ್ಲ, ಆ ಘಮ ಅಡುಗೆಮನೆ ತುಂಬುತ್ತದೆ. ಜೊತೆಗೆ ಚಾಕೊಲೇಟ್ ನೆನಪಿಸುವ ಒಂದು ಎಳೆ. ತುಂಡು ಮುರಿದು ನೋಡಿ, ಒಳಗೂ ಹೊರಗೂ ಒಂದೇ ಕಂದು ಇರಬೇಕು. ನನಗೆ ಇಷ್ಟವಾದ ಹದ ಇದೇ.

ಇದು ದಾಟಿದರೆ ಎರಡೇ ನಿಮಿಷದಲ್ಲಿ ಕಣ್ಣು ಉರಿಸುವ ಹೊಗೆ ಏಳುತ್ತದೆ. ಇನ್ನೊಂದು ವಿಷಯ, ಹೊರಗೆ ತೆಗೆದ ಮೇಲೂ ಬಿಸಿ ಟ್ರೇಯಲ್ಲಿ ಹುರಿಯುವುದು ನಡೆದೇ ಇರುತ್ತದೆ. ಬೇಕಾದ ಬಣ್ಣಕ್ಕೆ ಒಂದು ಚೂರು ಮುಂಚೆಯೇ ತೆಗೆದು ತಣ್ಣನೆಯ ಅಗಲ ತಟ್ಟೆಗೆ ಸುರಿದುಬಿಡಿ.

ಓವನ್ ಇಲ್ಲ. ಬಾಣಲೆಯಲ್ಲಿ ಹುರಿಯಬಹುದಾ?

ಧಾರಾಳವಾಗಿ. ದಪ್ಪ ತಳದ ಕಬ್ಬಿಣದ ಬಾಣಲೆ ಇದ್ದರೆ ಇನ್ನೂ ಒಳ್ಳೆಯದು. ಉರಿ ಸಣ್ಣಗಿರಲಿ, ಕೈ ನಿಲ್ಲದಿರಲಿ. ಒಂದು ಸಲಕ್ಕೆ ತಳ ಮುಚ್ಚುವಷ್ಟೇ ಹಾಕಿ. 15ರಿಂದ 20 ನಿಮಿಷದಲ್ಲಿ ಆಗುತ್ತದೆ. ತುಂಡುಗಳ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವುದು ಸಹಜ. ಎಲ್ಲ ತುಂಡೂ ಒಂದೇ ಕಡೆ ಕಪ್ಪಾದರೆ ಉರಿ ಜಾಸ್ತಿ ಆಯಿತು ಅಂತ ಅರ್ಥ. ಕಿಟಕಿ ತೆರೆದಿಡಿ.

ಸ್ವಲ್ಪ ಸೀದು ಹೋಗಿದೆ. ಬಳಸಬಹುದಾ?

ಕಪ್ಪಾದ ತುಂಡುಗಳನ್ನು ಆರಿಸಿ ಎಸೆಯಿರಿ. ಪೂರ್ತಿ ಇದ್ದಿಲಿನಂತಾಗಿದ್ದರೆ ಉಳಿಸುವ ಪ್ರಯತ್ನ ಬೇಡ. ಆ ಕಹಿ ಹಾಲು, ಜೇನು ಯಾವುದಕ್ಕೂ ಬಗ್ಗುವುದಿಲ್ಲ.

ಒಂದು ಲೋಟಕ್ಕೆ ಎಷ್ಟು ಹಾಕಬೇಕು? ಬಿಸಿನೀರು ಸುರಿದು ಇಟ್ಟರೆ ಸಾಕಾ?

250 ಮಿಲಿಲೀಟರ್ ನೀರಿಗೆ ಎರಡು ಟೀ ಚಮಚ ತುಂಡು. ಬರೀ ಬಿಸಿನೀರು ಸುರಿದರೆ ಸಾಲದು. ಎಲೆ, ಹೂವಿಗೆ ಅದು ನಡೆಯುತ್ತದೆ, ಬೇರು ಗಟ್ಟಿ ಪದಾರ್ಥ. ತಣ್ಣೀರಿಗೇ ತುಂಡು ಹಾಕಿ ಒಲೆಯ ಮೇಲಿಡಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ತಟ್ಟೆ ಮುಚ್ಚಿ, 10ರಿಂದ 15 ನಿಮಿಷ ಸಣ್ಣಗೆ ಕುದಿಯಲಿ. ಇಳಿಸಿ ಐದು ನಿಮಿಷ ಬಿಟ್ಟು ಸೋಸಿ. ನೀರು ಆವಿಯಾಗುವುದರಿಂದ ಮೊದಲೇ ಕಾಲು ಲೋಟ ಹೆಚ್ಚಿಗೆ ಇಟ್ಟಿರಿ.

ಪುಡಿ ಮಾಡಿದ್ದರೆ ಒಂದು ಚಮಚ ಸಾಕು, ಐದು ನಿಮಿಷ ಕುದಿಸಿದರೂ ಸಾಕು. ಆದರೆ ಕಷಾಯ ಮಂದವಾಗುತ್ತದೆ, ಬಟ್ಟೆಯಲ್ಲೇ ಸೋಸಬೇಕಾಗುತ್ತದೆ. ಸೋಸಿದ ತುಂಡುಗಳನ್ನು ಅವತ್ತೇ ಇನ್ನೊಂದು ಸಲ ಕುದಿಸಬಹುದು. ಎರಡನೇ ಲೋಟ ತೆಳು, ಕಹಿಯೂ ಕಡಿಮೆ. ನನ್ನ ಮನೆಯಲ್ಲಿ ಕೆಲವರಿಗೆ ಇದೇ ಜಾಸ್ತಿ ಇಷ್ಟ.

ತುಂಬಾ ಕಹಿ. ಏನು ಬೆರೆಸಲಿ?

ಮೊದಲು ಕಾರಣ ನೋಡಿ. ಬೇರು ವಸಂತದ್ದಾ? ಹುರಿದದ್ದು ಜಾಸ್ತಿಯಾಯಿತಾ? ತುಂಬಾ ಹೊತ್ತು ಜೋರಾಗಿ ಕುದಿಸಿದಿರಾ? ಮೂರೂ ಅಲ್ಲ ಅಂದರೆ ಆ ಕಹಿ ಬೇರಿನ ಸ್ವಭಾವ, ಅದನ್ನು ಪೂರ್ತಿ ಅಳಿಸಲು ಹೋಗಬೇಡಿ. ದಾಲ್ಚಿನ್ನಿಯ ಒಂದು ಚಕ್ಕೆಯನ್ನು ಬೇರಿನ ಜೊತೆಗೇ ಕುದಿಸಿದರೆ ಕಹಿ ಮೆದುವಾಗುತ್ತದೆ. ಒಣ ಶುಂಠಿ, ಏಲಕ್ಕಿಯೂ ಹೊಂದುತ್ತವೆ. ಹಾಲು ಹಾಕುವುದಾದರೆ ಕಪ್ಪಗೆ ಹುರಿದ ಬೇರು ಆರಿಸಿ, ಎಳೆ ಹುರಿತದ ಚಹಾಕ್ಕೆ ಹಾಲು ಬಿದ್ದರೆ ರುಚಿ ಕಳೆದುಹೋಗುತ್ತದೆ. ಚಿಟಿಕೆಯ ತುದಿಯಷ್ಟು ಉಪ್ಪು ಹಾಕಿದರೂ ಕಹಿ ತಗ್ಗುತ್ತದೆ, ಒಮ್ಮೆ ಮಾಡಿ ನೋಡಿ.

ಪುಡಿ ಮಾಡಿಡಲಾ, ತುಂಡಾಗೇ ಇಡಲಾ? ಎಷ್ಟು ದಿನ ಇರುತ್ತದೆ?

ತುಂಡಾಗೇ ಇಡಿ. ಹುರಿದ ಬೇರು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಪುಡಿಯಾದರೆ ಒಂದೆರಡು ದಿನಕ್ಕೇ ಗಂಟು ಕಟ್ಟಿ ಕಲ್ಲಾಗುತ್ತದೆ. ಬೇಕಾದಾಗ ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿಕೊಳ್ಳಿ. ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಗಾಜಿನ ಭರಣಿಗೆ ತುಂಬಿ ಕತ್ತಲಲ್ಲಿಡಿ. ಒಂದು ವರ್ಷದೊಳಗೆ ಮುಗಿಸಿ. ಇನ್ನೊಂದು ಒಳ್ಳೆಯ ದಾರಿ ಇದೆ. ಬೇರನ್ನು ಬರೀ ಒಣಗಿಸಿಟ್ಟು, ತಿಂಗಳಿಗೊಮ್ಮೆ ಬೇಕಾದಷ್ಟು ಹುರಿದುಕೊಳ್ಳುವುದು. ಘಮ ಯಾವಾಗಲೂ ಹೊಸದಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಒಣ ಬೇರು ತಂದವರೂ ಹೀಗೇ ಹುರಿದುಕೊಳ್ಳಬಹುದು.

ಎಷ್ಟು ಬೇರಿಗೆ ಎಷ್ಟು ಚಹಾ ಆಗುತ್ತದೆ?

400 ಗ್ರಾಂ ಹಸಿ ಬೇರು ಒಣಗಿದಾಗ ಸುಮಾರು 100 ಗ್ರಾಂ, ಹುರಿದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಹದಿನೈದು ಲೋಟದ ಆಸುಪಾಸು ಸಿಗುತ್ತದೆ. ಮೊದಲ ಸಲ ಇಷ್ಟೇ ಮಾಡಿ.

ಯಕೃತ್ತು ಶುದ್ಧವಾಗುತ್ತದೆ, ತೂಕ ಇಳಿಯುತ್ತದೆ ಅಂತಾರೆ. ನಿಜವಾ?

ಹಾಗೆ ಹೇಳುವಷ್ಟು ಆಧಾರ ಇಲ್ಲ. ಹಸಿವು ಹೆಚ್ಚಲು, ಅಜೀರ್ಣಕ್ಕೆ, ಮೂತ್ರ ಸಲೀಸಾಗಲು ಯುರೋಪಿನ ಮನೆಮದ್ದಿನಲ್ಲಿ ಇದರ ಬಳಕೆ ಬಹಳ ಹಳೆಯದು. ಫ್ರೆಂಚಿನಲ್ಲಿ ಈ ಗಿಡಕ್ಕೆ ಇರುವ ಇನ್ನೊಂದು ಹೆಸರಿನ ಅರ್ಥವೇ ‘ಹಾಸಿಗೆ ಒದ್ದೆ’. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 17 ಜನರಿಗೆ ಡ್ಯಾಂಡೆಲಿಯನ್ ಸಾರ ಕೊಟ್ಟು ನೋಡಿದಾಗ ಮೂತ್ರಕ್ಕೆ ಹೋಗುವುದು ಹೆಚ್ಚಿತ್ತು. ಗಮನಿಸಿ, ಅದು ಎಲೆಯ ಸಾರ, ಹುರಿದ ಬೇರಿನದ್ದಲ್ಲ. ಯಕೃತ್ತಿನ ತೊಂದರೆ ಇದ್ದವರು ಚಹಾ ನಂಬಿ ಔಷಧಿ ಬಿಡುವುದನ್ನು ನೆನೆದರೆ ನನಗೆ ನಿಜವಾಗಿ ಭಯವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರುಚಿಗಾಗಿ, ಕೆಫೀನ್ ಇಲ್ಲದ ಒಂದು ಬಿಸಿ ಲೋಟಕ್ಕಾಗಿ ಕುಡಿಯಿರಿ, ಅದೇ ಸಾಕಷ್ಟು ದೊಡ್ಡ ಕಾರಣ ಅಲ್ವಾ?

ಯಾರು ಕುಡಿಯಬಾರದು?

ಸೇವಂತಿಗೆ, ಚೆಂಡುಹೂವು, ರ‍್ಯಾಗ್‌ವೀಡ್ ಇವುಗಳಿಂದ ಅಲರ್ಜಿ ಆಗುವವರು ಬಿಡಬೇಕು, ಎಲ್ಲವೂ ಒಂದೇ ಕುಟುಂಬದವು. ಪಿತ್ತನಾಳ ಕಟ್ಟಿಕೊಂಡಿರುವವರಿಗೆ ಇದು ಬೇಡ. ಪಿತ್ತಕೋಶದಲ್ಲಿ ಕಲ್ಲು ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಈ ಗಿಡದಲ್ಲಿ ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಮೂತ್ರಪಿಂಡದ ಕಾಯಿಲೆ ಇರುವವರೂ ಮೊದಲು ಕೇಳಬೇಕು. ಲಿಥಿಯಂ, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧಿ, ಕೆಲವು ಆಂಟಿಬಯಾಟಿಕ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಬಸುರಿ, ಬಾಣಂತಿಯರು ವೈದ್ಯರನ್ನು ಕೇಳದೆ ಶುರು ಮಾಡುವುದು ಬೇಡ.

ದಿನಕ್ಕೆ ಎಷ್ಟು ಲೋಟ? ಕುಡಿದ ಮೇಲೆ ಹೊಟ್ಟೆ ಉಬ್ಬರಿಸಿತು.

ಅರ್ಧ ಲೋಟದಿಂದ ಶುರು ಮಾಡಿ. ಉಬ್ಬರಕ್ಕೆ ಕಾರಣ ಅದೇ ಇನ್ಯುಲಿನ್. ಹುರಿದಾಗ ಸ್ವಲ್ಪ ಒಡೆದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಹೊಟ್ಟೆ ಅದನ್ನು ಅರಗಿಸಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಗಾಳಿ ಬಿಡುತ್ತವೆ. ಕೆಲವು ದಿನಕ್ಕೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಸೂಕ್ಷ್ಮ ಹೊಟ್ಟೆಯವರಿಗೆ ಹೊಂದದೆಯೂ ಇರಬಹುದು, ಆಗ ಬಿಟ್ಟುಬಿಡಿ.

ಒಗ್ಗಿದ ಮೇಲೂ ಒಂದೆರಡು ಲೋಟಕ್ಕೆ ನಿಲ್ಲಿಸಿ. ಬೇರು, ಕಾಳು ಏನೇ ಹುರಿದರೂ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆ, ಅದು ದೇಹಕ್ಕೆ ಒಳ್ಳೆಯದಲ್ಲ. ಯುರೋಪ್ ಒಕ್ಕೂಟದ 2017ರ ನಿಯಮದಲ್ಲಿ ಹುರಿದ ಕಾಫಿಗೆ ಕಿಲೋಗೆ 400 ಮೈಕ್ರೊಗ್ರಾಂ ಎಂದು ಮಟ್ಟ ಇಟ್ಟಿದ್ದರೆ, ಕಾಫಿಯ ಬದಲಿಗೆ ಬರೀ ಚಿಕೋರಿ ಬೇರಿನಿಂದ ಮಾಡಿದ್ದಕ್ಕೆ 4000 ಎಂದು ಇಟ್ಟಿದ್ದಾರೆ. ಹುರಿದ ಬೇರಿನಲ್ಲಿ ಅದು ಎಷ್ಟು ಜಾಸ್ತಿ ಇರಬಲ್ಲದು ಎಂಬುದಕ್ಕೆ ಇದೊಂದು ಅಳತೆ. ಹೆದರಬೇಕಾಗಿಲ್ಲ, ನೀರಿನ ಹಾಗೆ ಕುಡಿಯದಿದ್ದರೆ ಆಯಿತು.

ಕಿತ್ತ ಗಿಡದ ಎಲೆ ಏನು ಮಾಡಲಿ?

ಎಳೆಯದಾದರೆ ಸೊಪ್ಪಿನ ಹಾಗೆ ಬೇಯಿಸಿ ತಿನ್ನಬಹುದು. ಬಲಿತದ್ದು ತುಂಬಾ ಕಹಿ, ಕುದಿಸಿ ನೀರು ಬಸಿದರೆ ಸ್ವಲ್ಪ ತಗ್ಗುತ್ತದೆ. ಬೇಡವಾದರೆ ಗೊಬ್ಬರದ ಗುಂಡಿಗೆ ಹಾಕಿ. ಆದರೆ ಹೆಚ್ಚುವಾಗ ಉಳಿದ ಹಸಿ ಬೇರಿನ ಬುಡ, ತುದಿಗಳನ್ನು ಗುಂಡಿಗೆ ಹಾಕುವ ಮುಂಚೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಇಲ್ಲದಿದ್ದರೆ ಒಂದೊಂದು ತುಂಡೂ ಅಲ್ಲೇ ಬೇರು ಬಿಟ್ಟು ಎದ್ದು ನಿಲ್ಲುತ್ತದೆ.